ಪ್ರೀಮಿಯರ್‌ನಲ್ಲಿ ಪ್ರಿವ್ಯೂ ಸ್ಟ್ರಕ್ ಆಗ್ತಿದೆ: ಫೋನ್ ಕ್ಲಿಪ್ ಸರಾಗ, ಸೋನಿ ಕ್ಲಿಪ್ ಮಾತ್ರ ಮುಗ್ಗರಿಸುತ್ತೆ

ಮೂರನೇ_ಕ್ಯಾಮೆರಾ (ಜಯನಗರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಭರತನಾಟ್ಯ ಕಾರ್ಯಕ್ರಮದ ಎಡಿಟಿಂಗ್ ಇದೆ. ಪ್ರೀಮಿಯರ್ ಪ್ರೊ, ವಿಂಡೋಸ್ 11. ಟೈಮ್‌ಲೈನ್ ಪ್ಲೇ ಮಾಡಿದರೆ ಎರಡು ಮೂರು ಸೆಕೆಂಡ್ ಓಡಿ ಚಿತ್ರ ನಿಂತುಬಿಡುತ್ತೆ, ಮೃದಂಗ ಮಾತ್ರ ಕೇಳಿಸ್ತಾ ಇರುತ್ತೆ. ಹಿಂದೆ ಮುಂದೆ ಎಳೆದು ನೋಡೋಕೆ ಹೋದರಂತೂ ಇನ್ನೂ ಕಷ್ಟ. ತಾಳಕ್ಕೆ ಕಟ್ ಕೂರಿಸೋಕೇ ಆಗ್ತಿಲ್ಲ.

ಲ್ಯಾಪ್‌ಟಾಪ್: ರೈಜನ್ 7 5800ಎಚ್, ಆರ್‌ಟಿಎಕ್ಸ್ 3060 (6 ಜಿಬಿ), 16 ಜಿಬಿ ರ್‍ಯಾಮ್, 512 ಜಿಬಿ ಎನ್‌ವಿಎಂಇ (ಒಳಗಿನ ವೇಗದ ಡ್ರೈವ್). ಅದರಲ್ಲಿ ಸುಮಾರು 140 ಜಿಬಿ ಖಾಲಿ ಇದೆ.

ಫೂಟೇಜ್: ಎರಡು ಸೋನಿ ಎ7 4 ಕ್ಯಾಮೆರಾ, ಎರಡರಲ್ಲೂ ಎಕ್ಸ್‌ಎವಿಸಿ ಎಚ್‌ಎಸ್ 4ಕೆ, 50 ಫ್ರೇಮ್, 200 ಎಂ, 4:2:2 10 ಬಿಟ್. ಒಂದೊಂದರಲ್ಲಿ ಎರಡು ಗಂಟೆ. ಜೊತೆಗೆ ಸ್ಟೇಜ್ ಪಕ್ಕದಿಂದ ಫೋನ್‌ನಲ್ಲಿ 1080ಪಿ, 30 ಫ್ರೇಮ್. ಎಲ್ಲಾ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿದೆ.

ಪ್ಲೇಬ್ಯಾಕ್ ರೆಸಲ್ಯೂಶನ್ ಅರ್ಧಕ್ಕೆ, ಕಾಲು ಭಾಗಕ್ಕೆ ಇಳಿಸಿದೆ, ಏನೂ ವ್ಯತ್ಯಾಸ ಇಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಪೂರ್ತಿ ಮೇಲೆ ಹೋಗುತ್ತೆ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಸುಮ್ಮನೆ ಕೂತಿರುತ್ತೆ. ವಿಚಿತ್ರ ಅಂದರೆ ಫೋನ್ ಕ್ಲಿಪ್ ಒಂದೇ ಹಾಕಿದರೆ ನೀರು ಹರಿದ ಹಾಗೆ ಓಡುತ್ತೆ. ಅಂಗಡಿಯವರು 32 ಜಿಬಿ ರ್‍ಯಾಮ್ ಹಾಕಿಸಿ ಅಂತಾರೆ. ಹಾಕಿಸಲಾ?

ಕಟ್_ಪಾಯಿಂಟ್ ಉತ್ತರ:

ರ್‍ಯಾಮ್‌ಗೆ ದುಡ್ಡು ಕೊಡೋ ಮೊದಲು ಸ್ವಲ್ಪ ನಿಲ್ಲಿ. ನೀವು ಬರೆದಿರೋದರಲ್ಲೇ ಉತ್ತರ ಇದೆ: ಸಿಪಿಯು ಪೂರ್ತಿ, ಜಿಪಿಯು ಖಾಲಿ, ಫೋನ್ ಕ್ಲಿಪ್ ಸರಾಗ. ತೊಂದರೆ ಇರೋದು ಆ 4:2:2 10 ಬಿಟ್ ಅನ್ನೋದರಲ್ಲಿ. 4:2:2, 4:2:0 ಅಂದರೆ ಫೈಲ್ ಬಣ್ಣದ ವಿವರ ಎಷ್ಟು ಇಟ್ಟುಕೊಂಡಿದೆ ಅನ್ನೋ ಲೆಕ್ಕ, 4:2:0ರಲ್ಲಿ ಕಡಿಮೆ.

ನಿಮ್ಮ ಸೋನಿ ಫೈಲ್ ಎಚ್.265, ಅಂದರೆ ವಿಡಿಯೊನ ಕುಗ್ಗಿಸಿ ಇಡೋ ಒಂದು ವಿಧಾನ (ಕೋಡೆಕ್). ಇದರಲ್ಲಿ ಪ್ರತಿ ಫ್ರೇಮ್ ಪೂರ್ತಿ ಚಿತ್ರ ಆಗಿರಲ್ಲ. ಅಲ್ಲೊಂದು ಇಲ್ಲೊಂದು ಪೂರ್ತಿ ಫ್ರೇಮ್ ಇರುತ್ತೆ, ನಡುವಿನವು ಅಕ್ಕಪಕ್ಕದ ಫ್ರೇಮ್‌ಗಿಂತ ಏನು ಬದಲಾಗಿದೆ ಅನ್ನೋದನ್ನಷ್ಟೇ ಇಟ್ಟುಕೊಂಡಿರ್ತವೆ. ಮಗ್ಗಿ ಮೊದಲಿಂದ ಹೇಳಿದರೆ ಮಾತ್ರ ಏಳೆಂಟ್ಲ ಎಷ್ಟು ಅಂತ ಹೇಳಬಲ್ಲ ಹುಡುಗ ಇರ್ತಾನಲ್ಲ, ಹಾಗೆ. ನೀವು ಟೈಮ್‌ಲೈನ್‌ನಲ್ಲಿ ಎಲ್ಲೋ ನಡುವೆ ಕ್ಲಿಕ್ ಮಾಡಿದರೆ ಸಾಫ್ಟ್‌ವೇರ್ ಹಿಂದಿನ ಪೂರ್ತಿ ಫ್ರೇಮ್‌ಗೆ ಹೋಗಿ ಅಲ್ಲಿಂದ ಬಿಡಿಸ್ಕೊಂಡು ಬರಬೇಕು. ಹಿಂದಕ್ಕೆ ಎಳೆದಾಗ ಜಾಸ್ತಿ ಒದ್ದಾಡೋದು ಇದಕ್ಕೇ.

ಈ ಬಿಡಿಸೋ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಪ್ರತ್ಯೇಕ ಸರ್ಕ್ಯೂಟ್ ಇರುತ್ತೆ. ಆದರೆ ಅದು ಎಲ್ಲಾ ಬಗೆಯ ಎಚ್.265 ಮುಟ್ಟಲ್ಲ. ಆರ್‌ಟಿಎಕ್ಸ್ 3060 4:2:0 ಇದ್ದರೆ 8 ಬಿಟ್, 10 ಬಿಟ್ ಎರಡನ್ನೂ ಬಿಡಿಸುತ್ತೆ. 4:2:2 ಬಂದರೆ ಕೈ ಎತ್ತುತ್ತೆ. ಎನ್‌ವಿಡಿಯಾ 4:2:2 ಸೇರಿಸಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಈಚಿನ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿರೋ ಇಂಥದ್ದೇ ಸರ್ಕ್ಯೂಟ್, ಕ್ವಿಕ್ ಸಿಂಕ್, ಇದ್ದಿದ್ದರೆ ಅದು ಈ ಕೆಲಸ ಮಾಡ್ತಿತ್ತು, ನಿಮ್ಮದು ರೈಜನ್, ಹಾಗಾಗಿ ಅದೂ ಇಲ್ಲ. ಎಲ್ಲಾ ಭಾರ ಸಿಪಿಯು ತಲೆ ಮೇಲೆ, ಅದೂ ಎರಡು ಕ್ಯಾಮೆರಾದ 4ಕೆ 50 ಫ್ರೇಮ್. ಫೋನ್ ಕ್ಲಿಪ್ 4:2:0, ಅದನ್ನ 3060 ಬಿಡಿಸ್ತಿದೆ, ಅದಕ್ಕೇ ಸರಾಗ.

ಖಾತ್ರಿ ಮಾಡಿಕೊಳ್ಳಿ: ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಜಿಪಿಯು. ಅಲ್ಲಿನ ಯಾವುದಾದರೂ ಗ್ರಾಫ್‌ನ ಹೆಸರು ಒತ್ತಿ 'ವಿಡಿಯೊ ಡಿಕೋಡ್' ಆರಿಸಿ. ಫೋನ್ ಕ್ಲಿಪ್ ಪ್ಲೇ ಮಾಡಿದಾಗ ಆ ಗ್ರಾಫ್ ಏಳಬೇಕು, ಸೋನಿ ಕ್ಲಿಪ್‌ಗೆ ಸೊನ್ನೆಯಲ್ಲೇ ಮಲಗಿರಬೇಕು. ಫೋನ್ ಕ್ಲಿಪ್‌ಗೂ ಏಳದಿದ್ದರೆ ಪ್ರಿಫರೆನ್ಸಸ್‌ನ ಮೀಡಿಯಾದಲ್ಲಿ ಹಾರ್ಡ್‌ವೇರ್ ಆಕ್ಸಲರೇಟೆಡ್ ಡಿಕೋಡಿಂಗ್ ಟಿಕ್ ಹೋಗಿದೆ ಅಂತ ಅರ್ಥ.

ಕಾಲು ರೆಸಲ್ಯೂಶನ್‌ಗೆ ಇಳಿಸಿದರೂ ಯಾಕೆ ಬದಲಾಗಲಿಲ್ಲ ಅಂದರೆ, ಎಚ್.265 ಫ್ರೇಮನ್ನ ಮೊದಲು ಪೂರ್ತಿ ಗಾತ್ರದಲ್ಲಿ ಬಿಡಿಸಲೇಬೇಕು, ಆಮೇಲಷ್ಟೇ ಚಿಕ್ಕದು ಮಾಡೋಕಾಗೋದು. ಆ ಸೆಟ್ಟಿಂಗ್ ಎಫೆಕ್ಟ್‌ಗಳ ಭಾರ ಇಳಿಸುತ್ತೆ, ಬಿಡಿಸೋ ಭಾರ ಇಳಿಸಲ್ಲ. ಎಲ್ಲಾ ಯೂಟ್ಯೂಬ್ ವಿಡಿಯೊಗಳೂ ಮೊದಲು ಇದನ್ನೇ ಹೇಳ್ತವೆ, ಈ ಥರದ ಫೂಟೇಜ್‌ಗೆ ಅದು ಕೆಲಸಕ್ಕೆ ಬರಲ್ಲ.

ಪರಿಹಾರ ಪ್ರಾಕ್ಸಿ, ಅಂದರೆ ಎಡಿಟಿಂಗ್ ಹೊತ್ತಿಗೆ ಮೂಲ ಫೈಲ್ ಬದಲು ಓಡಿಸೋ ಹಗುರ ನಕಲು. ಹೀಗೆ ಮಾಡಿ:

ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಸೋನಿ ಕ್ಲಿಪ್‌ಗಳನ್ನ ಮಾತ್ರ ಆರಿಸಿ, ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್. ಫಾರ್ಮ್ಯಾಟ್ ಕ್ವಿಕ್‌ಟೈಮ್, ಕೋಡೆಕ್ ಪ್ರೋರೆಸ್ ಪ್ರಾಕ್ಸಿ, ಗಾತ್ರ 1280×720. ಎಚ್.264 ಪ್ರಾಕ್ಸಿ ಅಂತಲೂ ಆಯ್ಕೆ ತೋರಿಸುತ್ತೆ, ಫೈಲ್ ಚಿಕ್ಕದಾಗುತ್ತೆ, ಆದರೆ ಮತ್ತೆ ಅದೇ ಮಗ್ಗಿ ಕಥೆ. ಪ್ರೋರೆಸ್‌ನಲ್ಲಿ ಪ್ರತಿ ಫ್ರೇಮ್ ಸ್ವತಂತ್ರ, ಎಲ್ಲಿ ಕ್ಲಿಕ್ ಮಾಡಿದರೂ ತಕ್ಷಣ ಬರುತ್ತೆ. ತಾಳಕ್ಕೆ ಕಟ್ ಮಾಡೋರಿಗೆ ಅದೇ ಬೇಕಾಗಿರೋದು.

ಜಾಗದ ಲೆಕ್ಕ: 720ಪಿ 50 ಫ್ರೇಮ್ ಪ್ರೋರೆಸ್ ಪ್ರಾಕ್ಸಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್, ಗಂಟೆಗೆ 17 ಜಿಬಿ. ನಿಮ್ಮದು ನಾಲ್ಕು ಗಂಟೆ, 68 ಜಿಬಿ. ಎನ್‌ವಿಎಂಇಯಲ್ಲಿ ಹಿಡಿಸುತ್ತೆ. 1080ಪಿ ಮಾಡಿದರೆ ಇದರ ಎರಡರಷ್ಟು, 136 ಜಿಬಿ, ನಿಮ್ಮ ಡ್ರೈವ್ ಉಸಿರುಗಟ್ಟುತ್ತೆ. ಬೇಡ.

ಪ್ರಾಕ್ಸಿ ಉಳಿಸೋ ಜಾಗ ಎನ್‌ವಿಎಂಇ ಅಂತ ಕೊಡಿ, ಎಕ್ಸ್‌ಟರ್ನಲ್ ಡಿಸ್ಕ್ ಬೇಡ. ಓಕೆ ಒತ್ತಿದರೆ ಮೀಡಿಯಾ ಎನ್‌ಕೋಡರ್ ತೆರೆದು ಕೆಲಸ ಶುರು ಮಾಡುತ್ತೆ. ತೆರೆಯದಿದ್ದರೆ ಎನ್‌ಕೋಡರ್ ಆವೃತ್ತಿ ಪ್ರೀಮಿಯರ್ ಆವೃತ್ತಿಗೆ ಹೊಂದ್ತಿದೆಯಾ ನೋಡಿ. ಇಲ್ಲೂ ಸಿಪಿಯುನೇ ಬಿಡಿಸಬೇಕು, ಹಾಗಾಗಿ ರಾತ್ರಿ ಹಚ್ಚಿಟ್ಟು ಮಲಗಿ. ಅಡಾಪ್ಟರ್ ಹಾಕಿರಲಿ, ಸ್ಲೀಪ್ ಆಫ್ ಇರಲಿ.

ಆಮೇಲೆ ಪ್ರೋಗ್ರಾಂ ಮಾನಿಟರ್ ಕೆಳಗಿನ ಪ್ಲಸ್ ಒತ್ತಿ 'ಟಾಗಲ್ ಪ್ರಾಕ್ಸೀಸ್' ಬಟನ್ ಎಳೆದು ಹಾಕಿಕೊಳ್ಳಿ. ನೀಲಿ ಇದ್ದರೆ ಪ್ರಾಕ್ಸಿ ಓಡ್ತಿದೆ. ಬಣ್ಣ ಸರಿಮಾಡುವಾಗ, ಫೋಕಸ್ ನೋಡುವಾಗ ಆಫ್ ಮಾಡಿ. ಎಕ್ಸ್‌ಪೋರ್ಟ್‌ಗೆ ಭಯ ಬೇಡ, ಬಟನ್ ಆನ್ ಇದ್ದರೂ ಅದು ಮೂಲ ಫೈಲಿಂದಲೇ ಹೋಗುತ್ತೆ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ 'ಯೂಸ್ ಪ್ರಾಕ್ಸೀಸ್' ಟಿಕ್ ಮಾತ್ರ ಹಾಕಬೇಡಿ.

ಇನ್ನೊಂದು, ಶುರು ಮಾಡೋ ಮುಂಚೆ ಕಾರ್ಡ್ ಕಾಪಿ ನೋಡಿ. ಕ್ಯಾಮೆರಾದಲ್ಲಿ ಪ್ರಾಕ್ಸಿ ರೆಕಾರ್ಡಿಂಗ್ ಆನ್ ಇದ್ದಿದ್ದರೆ ಎಂ4ರೂಟ್ ಫೋಲ್ಡರ್ ಒಳಗಿನ ಸಬ್ ಫೋಲ್ಡರ್‌ನಲ್ಲಿ ಚಿಕ್ಕ ಫೈಲ್‌ಗಳು ಇರ್ತವೆ. ಇದ್ದರೆ 'ಅಟ್ಯಾಚ್ ಪ್ರಾಕ್ಸೀಸ್' ಮಾಡಿ ಅದರಲ್ಲೇ ಇವತ್ತೇ ಕೆಲಸ ಶುರು ಮಾಡಬಹುದು. ಕ್ಲಿಪ್ ಫೋಲ್ಡರ್ ಒಂದನ್ನೇ ಕಾಪಿ ಮಾಡಿ ಉಳಿದದ್ದು ಬಿಟ್ಟುಬರೋರೇ ಜಾಸ್ತಿ, ಆಮೇಲೆ ಕಾರ್ಡ್ ಫಾರ್ಮ್ಯಾಟ್ ಆಗಿರುತ್ತೆ.

ಹಳೇ_ಸ್ಪೀಡು ಉತ್ತರ:

ಮೇಲಿನವರು ಕೋಡೆಕ್ ಒಂದನ್ನೇ ಹಿಡ್ಕೊಂಡಿದ್ದಾರೆ. ಡಿಸ್ಕ್‌ನೂ ನೋಡಿ ಸಾರ್. ಎರಡು ಕ್ಯಾಮೆರಾ ತಲಾ 200 ಮೆಗಾಬಿಟ್, ಅಂದರೆ ಸೆಕೆಂಡಿಗೆ ತಲಾ 25 ಎಂಬಿ. ಒಟ್ಟು 50 ಎಂಬಿ, ಫೋನ್ ಕ್ಲಿಪ್ ಅದರ ಮೇಲೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದೇ ಫೈಲ್ ಸಾಲಾಗಿ ಓದಿದರೆ 100 ಎಂಬಿ ದಾಟುತ್ತೆ ನಿಜ, ಆದರೆ ಮಲ್ಟಿಕ್ಯಾಮ್‌ನಲ್ಲಿ (ಎಲ್ಲಾ ಕ್ಯಾಮೆರಾ ಒಟ್ಟಿಗೆ ಓಡಿಸಿ ಎಡಿಟ್ ಮಾಡೋದು) ಮೂರು ಫೈಲ್ ಒಟ್ಟಿಗೆ ಕೇಳ್ತೀರಿ. ಅದರ ಹೆಡ್ಡು ಮೂರು ಕಡೆ ಓಡಾಡಬೇಕು, ವೇಗ ಧಬಕ್ಕಂತ ಬೀಳುತ್ತೆ.

ಪರೀಕ್ಷೆ ಸುಲಭ. ಒಂದು ಸೋನಿ ಕ್ಲಿಪ್ ಎನ್‌ವಿಎಂಇಗೆ ಕಾಪಿ ಮಾಡಿ, ಹೊಸ ಸೀಕ್ವೆನ್ಸ್‌ನಲ್ಲಿ ಎಫೆಕ್ಟ್ ಏನೂ ಇಲ್ಲದೆ ಓಡಿಸಿ. ಆಗಲೂ ಮುಗ್ಗರಿಸಿದರೆ ಡಿಸ್ಕ್ ನಿರಪರಾಧಿ.

ಕೇಬಲ್ ಕೂಡ ನೋಡಿ. ಡಿಸ್ಕ್ ಜೊತೆ ಬಂದ ಕೇಬಲ್ ಕಳೆದುಹೋಗಿ ಚಾರ್ಜರ್ ಕೇಬಲ್ ಸಿಕ್ಕಿಸಿದ್ದರೆ ಅದು ಬಹುಪಾಲು ಯುಎಸ್‌ಬಿ 2. ಕಾಗದದ ಮೇಲೆ 480 ಮೆಗಾಬಿಟ್, ಕೈಗೆ ಸಿಗೋದು 30-40 ಎಂಬಿ. ನಿಮಗೆ ಬೇಕಾಗಿರೋದು 50.

ಕಟ್_ಪಾಯಿಂಟ್ ಉತ್ತರ:

ಒಪ್ಪಿದೆ, ಆ ಪರೀಕ್ಷೆ ಮಾಡಲೇಬೇಕು. ಆದರೆ ಡಿಸ್ಕ್ ಒಂದೇ ಕಾರಣ ಆಗಿದ್ದರೆ ಸಿಪಿಯು ಡೇಟಾಗೆ ಕಾಯ್ತಾ ಕೂರ್ತಿತ್ತು, ಗ್ರಾಫ್ ಇಳಿದಿರ್ತಿತ್ತು. ಇಲ್ಲಿ ಅದು ಪೂರ್ತಿ ಮೇಲಿದೆ. ಹೇಗೂ ಪ್ರಾಕ್ಸಿ ಎನ್‌ವಿಎಂಇಯಲ್ಲಿ ಕೂತರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತೆ.

ಮೂರನೇ_ಕ್ಯಾಮೆರಾ:

ಇಬ್ಬರಿಗೂ ಧನ್ಯವಾದ. ವಿಡಿಯೊ ಡಿಕೋಡ್ ಗ್ರಾಫ್ ನೀವು ಹೇಳಿದ ಹಾಗೇ ಇದೆ, ಸೋನಿಗೆ ಸೊನ್ನೆ. ಎನ್‌ವಿಎಂಇಗೆ ಕಾಪಿ ಮಾಡಿದ ಕ್ಲಿಪ್ಪೂ ಮುಗ್ಗರಿಸಿತು. ಪ್ರಾಕ್ಸಿ ಮಾಡಿದೆ, ಈಗ ಮಲ್ಟಿಕ್ಯಾಮ್ ಸರಾಗ ಓಡ್ತಿದೆ. ಉಳಿದಿರೋದು ಮೂರು:

ಒಂದು, ಫೋನ್ ಕ್ಲಿಪ್‌ನಲ್ಲಿ ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಕುಲುಕಿದ ಹಾಗೆ ಕಾಣುತ್ತೆ. ಎರಡು, ಅದೇ ಫೋನ್ ಕ್ಲಿಪ್ ಶುರುವಿನಲ್ಲಿ ಸಿಂಕ್ ಇದ್ದು, ಹೋಗ್ತಾ ಹೋಗ್ತಾ ಗೆಜ್ಜೆ ಸದ್ದಿಗೂ ಕಾಲಿಗೂ ತಾಳೆ ಆಗಲ್ಲ. ಮೂರು, ಕೈಯಲ್ಲಿ ಹಿಡಿದು ತೆಗೆದ ಒಂದು ಶಾಟ್‌ಗೆ ಅಲ್ಲಾಟ ಇಳಿಸೋ ವಾರ್ಪ್ ಸ್ಟೆಬಿಲೈಜರ್ ಎಫೆಕ್ಟ್ ಹಾಕಿ ಮೇಲೆ ಕನ್ನಡ ಟೈಟಲ್ ಕೊಟ್ಟಿದ್ದೀನಿ, ಅಲ್ಲಿ ಮಾತ್ರ ಈಗಲೂ ಸ್ಟ್ರಕ್.

ಫ್ರೇಮ್‌ಲೆಕ್ಕ ಉತ್ತರ:

ಮೊದಲ ಎರಡಕ್ಕೆ ನಾನು ಹೇಳ್ತೀನಿ. ಅವು ಲ್ಯಾಗ್ ಅಲ್ಲವೇ ಅಲ್ಲ. ಆ ಭಾಗ 20 ಸೆಕೆಂಡ್ ಎಕ್ಸ್‌ಪೋರ್ಟ್ ಮಾಡಿ ಪ್ಲೇಯರ್‌ನಲ್ಲಿ ನೋಡಿ. ಅಲ್ಲೂ ಕುಲುಕಿದರೆ ಯಾವ ಪ್ರಿವ್ಯೂ ಸೆಟ್ಟಿಂಗ್‌ನಿಂದಲೂ ಸರಿಹೋಗಲ್ಲ.

ಕುಲುಕಾಟಕ್ಕೆ ಕಾರಣ ಲೆಕ್ಕದಲ್ಲಿದೆ. ಟೈಮ್‌ಲೈನ್ 50, ಫೋನ್ 30. ಫೋನಿನ ಪ್ರತಿ 3 ಫ್ರೇಮನ್ನ 5 ಜಾಗಕ್ಕೆ ಹಂಚಬೇಕು. ಎರಡು ಫ್ರೇಮ್‌ಗೆ ಎರಡೆರಡು ಜಾಗ, ಮೂರನೆಯದಕ್ಕೆ ಒಂದೇ. ಈ ಏರುಪೇರು ನಿಂತ ಶಾಟ್‌ನಲ್ಲಿ ಗೊತ್ತಾಗಲ್ಲ, ಪ್ಯಾನ್‌ನಲ್ಲಿ ಕಣ್ಣಿಗೆ ಹೊಡೆಯುತ್ತೆ. ಟೈಮ್ ಇಂಟರ್‌ಪೊಲೇಶನ್‌ನಲ್ಲಿ ಆಪ್ಟಿಕಲ್ ಫ್ಲೋ ಇದೆ, ನಡುವಿನ ಫ್ರೇಮ್‌ಗಳನ್ನ ಅದೇ ಊಹಿಸಿ ತುಂಬುತ್ತೆ. ಭರತನಾಟ್ಯಕ್ಕೆ ಅದನ್ನ ಬಳಸಬೇಡಿ, ವೇಗವಾಗಿ ಆಡೋ ಬೆರಳುಗಳ ಸುತ್ತ ಕಲಸಿದ ಹಾಗೆ ಆಗುತ್ತೆ, ಹಸ್ತಮುದ್ರೆ ಹೋದ ಮೇಲೆ ಉಳಿಯೋದೇನು? ಫೋನ್ ಶಾಟನ್ನ ಅಲ್ಲಾಡದ ಜಾಗಗಳಲ್ಲಿ ಮಾತ್ರ ಬಳಸಿ. ಮುಂದಿನ ಸಲ ಐಫೋನ್ ಆದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅನ್ನೋದನ್ನ ಆನ್ ಮಾಡಿ, 25 ಸಿಗುತ್ತೆ. 25 ಆದರೆ 50ರಲ್ಲಿ ಪ್ರತಿ ಫ್ರೇಮ್ ಸಮವಾಗಿ ಎರಡು ಸಲ ಬೀಳುತ್ತೆ.

ಸಿಂಕ್ ಜಾರೋದು ಬೇರೆ ಕಾಯಿಲೆ. ಫೋನ್ 30 ಅಂತ ಹೇಳಿಕೊಂಡರೂ ಬೆಳಕು, ಬಿಸಿ ನೋಡಿಕೊಂಡು ಫ್ರೇಮ್ ರೇಟ್ ಏರಿಸಿ ಇಳಿಸ್ತಿರುತ್ತೆ. ಮೀಡಿಯಾಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು 'ಫ್ರೇಮ್ ರೇಟ್ ಮೋಡ್' ನೋಡಿ, 'ವೇರಿಯಬಲ್' ಅಂತಿರುತ್ತೆ. ಆ ಫೈಲನ್ನ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಬದಲಾಯಿಸೋ ಸಾಫ್ಟ್‌ವೇರ್‌ನಲ್ಲಿ ಹಾಕಿ, ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 30, ಅದರ ಕೆಳಗೆ 'ಕಾನ್‌ಸ್ಟಂಟ್' ಆರಿಸಿ. ಕ್ವಾಲಿಟಿ ಆರ್‌ಎಫ್ 16ರಿಂದ 18. ಹೊರಬಂದ ಹೊಸ ಫೈಲನ್ನ ಟೈಮ್‌ಲೈನ್‌ಗೆ ತನ್ನಿ. ಟಿಕ್ ಮಾಡೋದು ಮರೆತು 'ಪೀಕ್' ಅಂತಲೇ ಬಿಟ್ಟರೆ ಮತ್ತೆ ವೇರಿಯಬಲ್ ಫೈಲೇ ಬರುತ್ತೆ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಸಿಂಕ್ ಪರೀಕ್ಷೆ ಮಾಡ್ತಿಲ್ಲ ತಾನೇ? ಅದರಲ್ಲಿ ಸದ್ದು ಯಾವಾಗಲೂ ಹಿಂದೆ ಬರುತ್ತೆ. ವೈರ್ ಹಾಕಿ.

ಕಟ್_ಪಾಯಿಂಟ್ ಉತ್ತರ:

ಮೂರನೆಯದು ಎಫೆಕ್ಟ್ ಭಾರ. ಪ್ರೋಗ್ರಾಂ ಮಾನಿಟರ್‌ಗೆ 'ಗ್ಲೋಬಲ್ ಎಫ್‌ಎಕ್ಸ್ ಮ್ಯೂಟ್' ಬಟನ್ ಹಾಕಿಕೊಂಡು ಒತ್ತಿ ನೋಡಿ, ಸರಾಗ ಆದರೆ ಅನುಮಾನವೇ ಇಲ್ಲ. ಹಾಗೇ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಜನರಲ್‌ನಲ್ಲಿ ರೆಂಡರರ್ 'ಮರ್ಕ್ಯುರಿ ಪ್ಲೇಬ್ಯಾಕ್ ಎಂಜಿನ್ ಜಿಪಿಯು ಆಕ್ಸಲರೇಶನ್, ಕುಡಾ' ಅಂತಲೇ ಇದೆಯಾ ನೋಡಿ. ಡ್ರೈವರ್ ಕೈಕೊಟ್ಟಾಗ ಅದು 'ಸಾಫ್ಟ್‌ವೇರ್ ಓನ್ಲಿ'ಗೆ ಇಳಿದಿರುತ್ತೆ, ಆಗ ಟೈಮ್‌ಲೈನ್ ಮೇಲಿನ ಗೆರೆ ಎಫೆಕ್ಟ್ ಇರೋ ಕಡೆಯೆಲ್ಲಾ ಕೆಂಪಾಗುತ್ತೆ. ಹಳದಿ ಇದ್ದರೆ ರೆಂಡರ್ ಇಲ್ಲದೆ ಓಡಬಹುದು, ಕೆಂಪಾದರೆ ಓಡಲಿಕ್ಕಿಲ್ಲ, ಹಸಿರು ಅಂದರೆ ರೆಂಡರ್ ಆಗಿದೆ.

ಆ ಶಾಟ್‌ನ ಎರಡೂ ತುದಿಗೆ ಇನ್, ಔಟ್ ಹಾಕಿ, ಸೀಕ್ವೆನ್ಸ್ ಮೆನುವಿನಲ್ಲಿ 'ರೆಂಡರ್ ಇನ್ ಟು ಔಟ್'. ಹಸಿರಾದ ಮೇಲೆ ಸರಾಗ. ಟೈಟಲ್‌ನ ಒಂದು ಅಕ್ಷರ ತಿದ್ದಿದರೂ ಹಸಿರು ಹೋಗಿ ಮತ್ತೆ ಮೊದಲಿಂದ, ಅದಕ್ಕೆ ಟೈಟಲ್ ಕೊನೆಗೆ ಇಟ್ಟುಕೊಳ್ಳಿ. ವಾರ್ಪ್ ಸ್ಟೆಬಿಲೈಜರ್ ಅನಲೈಸ್ ಮಾಡಿಸುವಾಗ ಮಾತ್ರ ಪ್ರಾಕ್ಸಿ ಆಫ್ ಇರಲಿ, ಲೆಕ್ಕ ಮೂಲ ಚಿತ್ರದ ಮೇಲೆ ಆಗಲಿ. ಇನ್ನು ಶಾಟ್ ಬದಲಾಗಲ್ಲ ಅಂತ ಗೊತ್ತಿದ್ದರೆ ಕ್ಲಿಪ್ ಮೇಲೆ ರೈಟ್ ಕ್ಲಿಕ್, 'ರೆಂಡರ್ ಆ್ಯಂಡ್ ರಿಪ್ಲೇಸ್', ಪ್ರೋರೆಸ್ 422 ಕೊಟ್ಟು ಮುಗಿಸಿಬಿಡಿ. ಬೇಕಾದಾಗ 'ರಿಸ್ಟೋರ್ ಅನ್‌ರೆಂಡರ್ಡ್' ಇದ್ದೇ ಇದೆ.

ಕನ್ನಡ ಟೈಟಲ್‌ನಲ್ಲಿ ಒತ್ತಕ್ಷರ ಒಡೆದು ಬಂದಿದ್ದರೆ ಪ್ರಿಫರೆನ್ಸಸ್, ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್ 'ಸೌತ್ ಏಷ್ಯನ್' ಅಂತ ಇರೋದನ್ನ ಆರಿಸಿ. ಲ್ಯಾಗ್‌ಗೂ ಇದಕ್ಕೂ ಸಂಬಂಧ ಇಲ್ಲ, ಮುಂದಿನ ಪ್ರಶ್ನೆ ಅದೇ ಇರುತ್ತೆ ಅಂತ ಹೇಳಿದೆ.

ಪೆಂಗ್ವಿನ್_ಪ್ರಿಯ ಉತ್ತರ:

ಲಿನಕ್ಸ್‌ನಲ್ಲಿ ಇದೇ ಹುಡುಕಿಕೊಂಡು ಬರೋರಿಗೆ: ಕೆಡೆನ್‌ಲೈವ್ ಅನ್ನೋ ಎಡಿಟರ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಪ್ರಾಕ್ಸಿ ಟ್ಯಾಬ್‌ನಲ್ಲಿ ಟಿಕ್ ಹಾಕಿದರೆ ಸಾಕು. ಅಗಲ ಇಷ್ಟು ಪಿಕ್ಸೆಲ್‌ಗಿಂತ ಜಾಸ್ತಿ ಇದ್ದರೆ ತಾನೇ ಪ್ರಾಕ್ಸಿ ಮಾಡು ಅಂತಲೂ ಅಲ್ಲೇ ಹೇಳಬಹುದು. ಎಫೆಕ್ಟ್ ಇರೋ ಜಾಗಕ್ಕೆ ಶಿಫ್ಟ್ ಎಂಟರ್, ಅಷ್ಟು ಭಾಗ ಪ್ರಿವ್ಯೂ ರೆಂಡರ್ ಆಗುತ್ತೆ. ಡವಿಂಚಿ ರಿಸಾಲ್ವ್ ಎಡಿಟರ್‌ನ ಉಚಿತ ಆವೃತ್ತಿಯನ್ನ ಲಿನಕ್ಸ್‌ನಲ್ಲಿ ಹಾಕೋ ಯೋಚನೆ ಇದ್ದರೆ, ಅದು ಎಚ್.264, ಎಚ್.265 ತೆರೆಯೋದೇ ಇಲ್ಲ. ಮೊದಲೇ ಡಿಎನ್‌ಎಕ್ಸ್‌ಎಚ್‌ಆರ್‌ಗೆ (ಪ್ರೋರೆಸ್ ಥರದ ಕೋಡೆಕ್) ಬದಲಾಯಿಸಿಕೊಂಡೇ ಹೋಗಬೇಕು.

ಮೂರನೇ_ಕ್ಯಾಮೆರಾ:

ಮೂರೂ ಸರಿಹೋಯ್ತು. ಕೊನೇದಾಗಿ ಒಂದು: ಎಸ್.ಪಿ. ರೋಡ್‌ನಲ್ಲಿ ಎಡಿಟಿಂಗ್‌ಗೆ ಅಂತಲೇ ಒಂದು ಡೆಸ್ಕ್‌ಟಾಪ್ ಜೋಡಿಸೋ ಯೋಚನೆ ಇದೆ. ಇಂಟೆಲ್ ಐ5-12400ಎಫ್ ಪ್ರೊಸೆಸರ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ತಗೋಬಹುದಾ?

ಹಳೇ_ಸ್ಪೀಡು ಉತ್ತರ:

ಆ ಕೊನೇ 'ಎಫ್' ಬೇಡ ಗುರುಗಳೇ. ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಅಂದರೆ ಕ್ವಿಕ್ ಸಿಂಕ್ ಇಲ್ಲ. ಗೇಮ್ ಆಡೋರಿಗೆ ಉಳಿತಾಯ, ನಿಮಗೆ ನಷ್ಟ. ಎಫ್ ಇಲ್ಲದ 12400 ಕೇಳಿ, ಸ್ವಲ್ಪ ಜಾಸ್ತಿ ಆದರೂ ಎಚ್.265 4:2:2 10 ಬಿಟ್ ಅದರಲ್ಲೇ ಬಿಡಿಸಿಕೊಳ್ಳುತ್ತೆ. ಜೊತೆಗೆ ಬೇರೆ ಕಾರ್ಡ್ ಹಾಕಿದಾಗ ಕೆಲವು ಮದರ್‌ಬೋರ್ಡ್ ಒಳಗಿನ ಗ್ರಾಫಿಕ್ಸನ್ನ ತಾನೇ ಆಫ್ ಮಾಡಿಬಿಡುತ್ತೆ, ಬಯೋಸ್‌ನಲ್ಲಿ ಹೋಗಿ ಆನ್ ಮಾಡಿಸಿ, ಇಂಟೆಲ್ ಡ್ರೈವರ್ ಹಾಕಿಸಿ. ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಎರಡು ಜಿಪಿಯು ಕಾಣ್ತಿದೆಯಾ ನೋಡಿ, ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಸೋನಿ ಕ್ಲಿಪ್ ಒಯ್ದಿರಿ. ರ್‍ಯಾಮ್ ಒಂದೇ 16ರ ಸ್ಟಿಕ್ ಬೇಡ, 8ರ ಎರಡು ಅಥವಾ 16ರ ಎರಡು.

ಕಟ್_ಪಾಯಿಂಟ್ ಉತ್ತರ:

ಇದಕ್ಕೊಂದು ಷರತ್ತು ಇದೆ. ಕ್ವಿಕ್ ಸಿಂಕ್ ಬಿಡಿಸೋದು ಎಚ್.265ರ 4:2:2 ಮಾತ್ರ. ನಿಮ್ಮ ಕ್ಯಾಮೆರಾದಲ್ಲಿ 25 ಫ್ರೇಮ್ ಬೇಕು ಅಂತ ಎಕ್ಸ್‌ಎವಿಸಿ ಎಸ್‌ಗೆ ಬದಲಾಯಿಸಿ 140 ಎಂ ಇಟ್ಟರೆ ಅದು ಎಚ್.264ರ 4:2:2 10 ಬಿಟ್. ಅದನ್ನ 12ನೇ ತಲೆಮಾರಿನ ಇಂಟೆಲ್ಲೂ ಮುಟ್ಟಲ್ಲ, ಮತ್ತೆ ಸಿಪಿಯು ಒದ್ದಾಡುತ್ತೆ. ಹಳೇ ಕೋಡೆಕ್, ಹಗುರ ಇರುತ್ತೆ ಅಂದುಕೊಂಡು ಹೋಗಿ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಈಗಿನ ಲ್ಯಾಪ್‌ಟಾಪ್‌ನಲ್ಲೇ ಪ್ರಾಕ್ಸಿ ಇಲ್ಲದೆ ಕೆಲಸ ಆಗಬೇಕಾದರೆ ಎಕ್ಸ್‌ಎವಿಸಿ ಎಚ್‌ಎಸ್ 50 ಫ್ರೇಮ್‌ನಲ್ಲೇ ಇದ್ದು 150 ಎಂ, 4:2:0 10 ಬಿಟ್ ಆರಿಸಿ. ಸ್ಟೇಜ್ ಕಾರ್ಯಕ್ರಮಕ್ಕೆ ಬಣ್ಣದಲ್ಲಿ ವ್ಯತ್ಯಾಸ ಹುಡುಕಿದರೂ ಸಿಗೋದು ಕಷ್ಟ, ಗ್ರೀನ್ ಸ್ಕ್ರೀನ್ ಇದ್ದರೆ ಮಾತ್ರ 4:2:2 ಬೇಕು. ಅದನ್ನ ನಿಮ್ಮ 3060 ಬಿಡಿಸುತ್ತೆ. ಮಲ್ಟಿಕ್ಯಾಮ್ ಹೊತ್ತಿಗೆ ಫೈಲ್‌ಗಳು ಆ ಹಾರ್ಡ್ ಡಿಸ್ಕ್‌ನಲ್ಲಿ ಇರದಿದ್ದರೆ ಸರಿ.